ಅದರ್ಶನ ನ್ಯಾಯ: ನಾಲ್ಕು ತಾಲ್ಲೂಕುಗಳ ಕಲಾಪಕ್ಷಿ ಮೀಮಾಂಸೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಲೆಗೆ ಒದಗಿಬಂದ ಪಕ್ಷಿಗಳು ಎರಡು ಬಗೆ: ಕಣ್ಣಿಗೆ ಬೀಳುವವು, ಬೀಳದವು. ಎರಡರ ಕೀರ್ತಿಯನ್ನೂ ಆಳುವ ಸೂತ್ರ ಒಂದೇ. ಪಕ್ಷಿ ಎಷ್ಟು ಅಪರೂಪವೋ ಕೀರ್ತಿ ಅಷ್ಟು ಹೆಚ್ಚು. ಯಾರೂ ಎಂದೂ ನೋಡಿರದಿದ್ದರೆ ಕೀರ್ತಿ ಪರಿಪೂರ್ಣ. ಇದಕ್ಕೆ ಅದರ್ಶನ ನ್ಯಾಯವೆಂದು ಹೆಸರು.

ನ್ಯಾಯದ ಮೊದಲ ಸಾಕ್ಷಿ ಗಂಡಭೇರುಂಡ. ಬಳ್ಳಿಗಾವಿಯಲ್ಲಿ 1047ರಲ್ಲೇ ಇದಕ್ಕೊಂದು ಕಂಬ ಎದ್ದಿತು. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಇದು ಕೊಕ್ಕಿಗೂ ಉಗುರಿಗೂ ಆನೆಗಳನ್ನು ಸಿಕ್ಕಿಸಿಕೊಂಡು ನಿಂತಿತು. ಮುಂದೆ ಮೈಸೂರು ಒಡೆಯರ ಲಾಂಛನವಾಯಿತು. ಅರಸೊತ್ತಿಗೆ ಹೋದ ಮೇಲೆ ಸೇವೆಗೆ ಭಂಗವಿಲ್ಲದಂತೆ ರಾಜ್ಯ ಸರ್ಕಾರದ ಮುದ್ರೆಗೆ ವರ್ಗವಾಯಿತು. ಸದ್ಯ ಕೆಎಸ್‌ಆರ್‌ಟಿಸಿ ಬಸ್ಸಿನ ಮೈಮೇಲೆ ಕೂತು ಹೆಗ್ಗಡದೇವನಕೋಟೆಗೂ ಮೈಸೂರಿಗೂ ದಿನವೂ ಓಡಾಡುತ್ತಿದೆ. ಎರಡು ತಲೆಗಳು ಎರಡು ದಿಕ್ಕು ನೋಡುವುದರ ಅರ್ಥದ ಬಗ್ಗೆ ಪಂಡಿತರಲ್ಲಿ ಭಿನ್ನಮತ ಇರಬಹುದು. ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತವರಲ್ಲಿ ಇಲ್ಲ.

ಈ ಪಕ್ಷಿ ಕೋಟೆಯ ಕಾಡಿನಲ್ಲಿ ಎಂದೂ ಇರಲಿಲ್ಲ ಎಂಬುದಕ್ಕೆ ಕಾಕನಕೋಟೆಯ ಖೆಡ್ಡಾ ಗಟ್ಟಿ ಆಧಾರ. ಆನೆ ಹಿಂಡನ್ನು ಸುತ್ತುಗಟ್ಟಿ, ತಮಟೆ ಬಡಿದು, ಕಬಿನಿ ಹೊಳೆಗೆ ಇಳಿಸಿ, ಪಳಗಿದ ಆನೆಗಳನ್ನು ಮುಂದೆ ಬಿಟ್ಟು, ಕೊನೆಗೆ ದೊಡ್ಡಿಗೆ ಕೂಡುವ ಈ ಕೆಲಸಕ್ಕೆ ಕಾಡುಕುರುಬರು, ಮಾವುತರು, ಅಧಿಕಾರಿಗಳು, ನೋಡಲು ಬಂದ ಅತಿಥಿಗಳು ಎಲ್ಲರೂ ಬೇಕಾಗುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಉಗುರಿಗೊಂದು ಆನೆ ಎತ್ತುವ ಹಕ್ಕಿಯನ್ನು ಲಾಂಛನದಲ್ಲಿ ಇಟ್ಟುಕೊಂಡೂ ಇಷ್ಟೆಲ್ಲ ತಾಪತ್ರಯ ಪಟ್ಟರೆಂದರೆ, ಹಕ್ಕಿ ಕರ್ತವ್ಯಕ್ಕೆ ಹಾಜರಾಗಿರಲಿಲ್ಲವೆಂದೇ ತೀರ್ಮಾನಿಸಬೇಕು. ತದ್ವಿರುದ್ಧವಾಗಿ, ಕರೆಂಟ್ ತಂತಿಯ ಮೇಲೆ ಕೂತು ಬೆಳಗಿನಿಂದ ಮಿಡತೆ ಹಿಡಿಯುವ ನೀಲಕಂಠಕ್ಕೆ ರಾಜ್ಯಪಕ್ಷಿ ಎಂಬ ಬಿರುದು ಸಿಕ್ಕಿದೆಯೇ ಹೊರತು ಮುದ್ರೆಯಲ್ಲಿ ಜಾಗ ಸಿಕ್ಕಿಲ್ಲ. ಸರ್ಕಾರಿ ನೌಕರಿಯ ಅನುಭವವಿದ್ದವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಹಂಸದ್ದು ಎರಡನೆಯ ಸ್ಥಾನ. ಹಂಸಧ್ವನಿ, ಹಂಸನಾದ ರಾಗಗಳು ಇದರ ಹೆಸರಿನಲ್ಲಿವೆ. ಜಿ.ವಿ. ಅಯ್ಯರ್ 1975ರಲ್ಲಿ ತೆಗೆದ ‘ಹಂಸಗೀತೆ’ ತ.ರಾ.ಸು. ಕಾದಂಬರಿಯಿಂದ ಬಂದದ್ದು, ಕಥೆ ಪೂರಾ ಸಂಗೀತಗಾರನದು. ಸಾರಿಗೆ ಸಂಸ್ಥೆಯ ರಾಜಹಂಸ ಬಸ್ಸು ಕೆಂಪು ಬಸ್ಸಿಗಿಂತ ದುಬಾರಿ. ಹಾಲು ನೀರು ಬೇರ್ಪಡಿಸುವ ಗುಣ ಇದರಲ್ಲಿ ಪ್ರಯಾಣಿಕರನ್ನು ಬೇರ್ಪಡಿಸುವ ರೂಪದಲ್ಲಿ ಉಳಿದಿದೆ. ಈ ನಡುವೆ ಪಕ್ಕದ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಪುರಾಣದ ಹಂಸ ಇದೇ ಎಂದು ವಾದಿಸುವವರಿದ್ದಾರೆ. ವಾದ ಗೆದ್ದರೆ ಹಂಸಕ್ಕೇ ನಷ್ಟ: ಮಾನಸ ಸರೋವರದ ಹಕ್ಕಿ ಹೊಲದಲ್ಲಿ ಕಾಳು ಮೇಯುವುದನ್ನು ಕಂಡ ಕವಿ ಮುಂದೆ ಏನನ್ನೂ ಬರೆಯಲಾರ. ಬೆಳದಿಂಗಳು ಕುಡಿಯುವ ಚಕೋರ ಉತ್ತರದ ಬೆಟ್ಟಗಳ ಕಲ್ಲುಗಾಡಿನದು, ಕರ್ನಾಟಕದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅದರ ಮರ್ಯಾದೆ ಭದ್ರ.

ಬೇಂದ್ರೆಯವರ ‘ಗರಿ’ 1932ರಲ್ಲಿ ಹಾರಿಸಿದ ಹಕ್ಕಿಯನ್ನು ಹಿಡಿದು ನೋಡಿದರೆ ಅದು ಕಾಲ. ಪಕ್ಷಿಯೇ ಅಲ್ಲದ ಪಕ್ಷಿ ಇಷ್ಟು ಮೇಲೆ ಹೋದದ್ದು ನ್ಯಾಯಕ್ಕೆ ಇನ್ನೊಂದು ಬಲ.

ಕೋಗಿಲೆ ಎಲೆಮರೆಯಲ್ಲಿ ಕೂತು ಕೀರ್ತಿ ಕಾಪಾಡಿಕೊಂಡಿದೆ. ಚೈತ್ರದಲ್ಲಿ ಕುಹೂ ಎನ್ನುವುದು ಗಂಡು. ಗಾನಕೋಗಿಲೆ ಬಿರುದು ಹೆಚ್ಚಾಗಿ ಗಾಯಕಿಯರಿಗೆ. ಕೋಗಿಲೆಯ ಮರಿಗೆ ಗುಟುಕು ಕೊಟ್ಟು ಸಾಕುವ ಕಾಗೆಗೆ ಸಿಕ್ಕಿರುವುದು ತಿಥಿಯ ದಿನದ ಪಿಂಡ ಮಾತ್ರ. ಕೆ.ಆರ್. ನಗರದ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಬೆನ್ನು ಹತ್ತುವ ಬೆಳ್ಳಕ್ಕಿಯ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಅದು ದಿನಾ ಕಾಣುತ್ತದೆ.

ನ್ಯಾಯಕ್ಕೆ ತೊಡಕು ತಂದಿರುವುದು ನವಿಲು. 1963ರಿಂದ ಇದು ರಾಷ್ಟ್ರಪಕ್ಷಿ. ಹುಣಸೂರು ತಾಲ್ಲೂಕಿನ ಅರಬ್ಬಿತಿಟ್ಟು ಅಭಯಾರಣ್ಯದ ಸುತ್ತ ಧಾರಾಳವಾಗಿ ಕಾಣುತ್ತದೆ. ಆದರೂ ರೇಷ್ಮೆ ಸೀರೆಯ ಸೆರಗು, ಸಂಕ್ರಾಂತಿ ರಂಗೋಲಿ, ಲಾರಿಯ ಹಿಂಬದಿ ಎಲ್ಲವನ್ನೂ ಆಕ್ರಮಿಸಿದೆ. ಸಮಾಧಾನ ಹೀಗೆ: ಸೆರಗಿನ ನವಿಲು ಬೇರೆ, ಹೊಲದ ನವಿಲು ಬೇರೆ. ಮೊದಲನೆಯದು ಗರಿಗೆದರಿ ನಿಂತಿರುತ್ತದೆ. ಎರಡನೆಯದು ಬಿತ್ತಿದ ಕಾಳು ಹೆಕ್ಕಿ, ಮೊಳಕೆ ಕಿತ್ತು, ಟೊಮೆಟೊ ಕುಕ್ಕಿ ಹೋಗುತ್ತದೆ. ಕಾನೂನಿನ ರಕ್ಷಣೆ ಇರುವುದರಿಂದ ಅವಸರ ಪಡುವುದಿಲ್ಲ. ಇದನ್ನು ಓಡಿಸಲು ರೈತರು ತಟ್ಟೆ, ತಗಡಿನ ಡಬ್ಬ ಬಡಿಯುತ್ತಾರೆ. ಪಕ್ಷಿಪ್ರೇರಿತ ತಾಳವಾದ್ಯದಲ್ಲಿ ಸೀಮೆಯ ಸ್ವಂತ ಕೊಡುಗೆ ಇದೊಂದೇ. ಜೊತೆಗೆ ಹಾಡುವ ಸಾಹಿತ್ಯವೂ ಇದೆ, ಮುದ್ರಣಕ್ಕೆ ಯೋಗ್ಯವಲ್ಲ.

ಹಾಲಕ್ಕಿಯ ಸಂಗತಿ ಭಾಷಾಂತರಕ್ಕೆ ಸೇರಿದ್ದು. ಈ ಪುಟ್ಟ ಗೂಬೆ ನಸುಕಿನಲ್ಲಿ ಕಿಚಗುಟ್ಟಿದ್ದನ್ನು ಬುಡಬುಡಿಕೆಯವರು ಮನೆ ಬಾಗಿಲಲ್ಲಿ ಕನ್ನಡಕ್ಕೆ ತಂದು, ಮದುವೆ, ಮಳೆ, ಕಾಣೆಯಾದ ಎಮ್ಮೆಗಳ ವಿಷಯ ತಿಳಿಸುತ್ತಾರೆ. ಮೂಲವನ್ನು ಕೇಳಿದವರಿಲ್ಲ, ಅನುವಾದವನ್ನು ನಂಬದವರಿಲ್ಲ. ಸಂಭಾವನೆ ಅನುವಾದಕನಿಗೇ ಸಲ್ಲುವ ಪ್ರಕಾರ ಕನ್ನಡದಲ್ಲಿ ಇದೊಂದು ಮಾತ್ರ.

ಕೊನೆಯ ಸ್ಥಾನ ನಾಟಿ ಕೋಳಿಯದು. ಹಿತ್ತಿಲಲ್ಲಿ ದಿನವಿಡೀ ಕಾಣುವ ಇದಕ್ಕೆ ರಾಗವಿಲ್ಲ, ಲಾಂಛನವಿಲ್ಲ, ಬಸ್ಸಿಲ್ಲ. ಆದರೆ ಪ್ರೇರಣೆಯ ಬಲದಲ್ಲಿ ಉಳಿದ ಯಾವ ಪಕ್ಷಿಯೂ ಇದರ ಹತ್ತಿರ ಸುಳಿಯುವುದಿಲ್ಲ; ಹಬ್ಬದ ಮರುದಿನ ನಾಲ್ಕೂ ತಾಲ್ಲೂಕುಗಳಲ್ಲಿ ಮುದ್ದೆಯ ಪಕ್ಕದಲ್ಲಿ ಇದರ ಸಾರು ರಚನೆಯಾಗುತ್ತದೆ. ಈ ಕೃತಿಗಳಲ್ಲಿ ಒಂದೂ ರಾತ್ರಿ ಕಳೆದು ಉಳಿಯದ ಕಾರಣ ಅವುಗಳ ಕಾಲ, ಶೈಲಿ, ಪಾಠಾಂತರಗಳನ್ನು ನಿರ್ಣಯಿಸಲು ವಿದ್ವಾಂಸರು ಊಟದ ಹೊತ್ತಿಗೇ ಬರಬೇಕು.