ಪಂಖಾ ಇಲ್ಲದ ವಿಮಾನ

ಕೈಗಾ ಅಣುಸ್ಥಾವರದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, ಅಂದರೆ 962 ದಿನ, ಒಂದು ಸಲವೂ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರದವರು ಅದನ್ನು ಮುರಿದರೆಂಬ ಸಂಗತಿಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಳಿಯ ಕೈಗಾದಲ್ಲೇ ನೌಕರಿಗಿರುವವನು, ಊಟ ಅರ್ಧಕ್ಕೆ ಬಿಟ್ಟು ಏಳುತ್ತಾನೆ.

962 ದಿನವೆಂದರೆ ಎರಡು ವರ್ಷ ಏಳೂವರೆ ತಿಂಗಳು. ನನ್ನ ಮೊಮ್ಮಗನ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಹುಟ್ಟಿದಂದಿನಿಂದ ಅವನೂ ನಿಂತವನಲ್ಲ. ಆದರೆ ಸ್ಥಾವರವನ್ನು ನಿಲ್ಲಿಸಬೇಕೆಂದರೆ ನಿಲ್ಲಿಸಲು ಬರುತ್ತದೆ. ಕ್ಯಾಡ್ಮಿಯಂ ಸರಳುಗಳು ಮೇಲಿನಿಂದ ಸರ್ರನೆ ಇಳಿದರೆ ಕೆಲವೇ ಸೆಕೆಂಡುಗಳಲ್ಲಿ ಒಳಗಿನ ಕ್ರಿಯೆ ನಿಂತುಹೋಗುತ್ತದೆ. ಅವು ಕೈಕೊಟ್ಟರೆ ಇರಲಿ ಎಂದು ಎರಡನೆಯದೊಂದು ಬೇರೆಯದೇ ವ್ಯವಸ್ಥೆ, ಕೊಳವೆಗಳಿಗೆ ನುಗ್ಗುವ ಒಂದು ದ್ರಾವಣ. ಕೈಗಾ ಟೌನ್‌ಶಿಪ್ಪಿನವರು ಇದಕ್ಕೆ ‘ಯೂನಿಟ್ ಟ್ರಿಪ್ ಆಯ್ತು’ ಎನ್ನುತ್ತಾರೆ. ಚಂಡಿ ಹಿಡಿದ ಕೂಸನ್ನು ಟ್ರಿಪ್ ಮಾಡುವ ಗುಂಡಿ ಮಾತ್ರ ಅಣುಶಕ್ತಿ ಇಲಾಖೆಯಲ್ಲೂ ಇಲ್ಲ, ಅಂಗನವಾಡಿಯಲ್ಲೂ ಇಲ್ಲ.

ನೆಲದ ಮೇಲೆ ಇದು ಅಷ್ಟು ದೊಡ್ಡ ಸಮಸ್ಯೆಯೇನಲ್ಲ. ಮಲ್ಲಾಪುರದಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಮಗುವೊಂದು ರಚ್ಚೆ ಹಿಡಿಯಿತು ಅಂತಿಟ್ಟುಕೊಳ್ಳಿ. ಅದು ತಾಯಿಯೊಬ್ಬಳ ಪಾಡಾಗಿ ಉಳಿಯುವುದು ಹೆಚ್ಚೆಂದರೆ ಎರಡು ತಿರುವಿನ ತನಕ. ಹಿಂದಿನ ಸೀಟಿನಿಂದ ಒಂದು ಕೈ ಚಿಕ್ಕು ಹಣ್ಣನ್ನು ಚಾಚುತ್ತದೆ. ಮೀನಿನ ಬುಟ್ಟಿಯ ಹೆಂಗಸು ಕೊಂಕಣಿಯಲ್ಲಿ ತಾಯಿಗೇ ಬೈಯುತ್ತಾಳೆ, ಹಸಿವಾಗಿದೆ ಅದಕ್ಕೆ, ಅಷ್ಟೂ ಗೊತ್ತಾಗೋದಿಲ್ಲವೇ ಎಂದು. ಇನ್ನೊಬ್ಬಳು ‘ಇದೇ ಅಲ್ವನಾ ನಿಂಗೆ ಹೊಡೆದದ್ದು’ ಎಂದು ಸೀಟಿನ ಕಂಬಿಗೆ ನಾಲ್ಕು ಏಟು ಕೊಡುತ್ತಾಳೆ. ಕಂಡಕ್ಟರ್ ಟಿಕೆಟ್ಟಿನ ಯಂತ್ರ ತೋರಿಸಿ ‘ಇದರೊಳಗೆ ಹಾಕ್ತೆ ನೋಡು’ ಎಂದು ಹೆದರಿಸುತ್ತಾನೆ. ಇಷ್ಟಾದ ಮೇಲೂ ಕೂಸು ಅಳುವುದನ್ನು ನಿಲ್ಲಿಸದಿರಬಹುದು, ಆದರೆ ಅಷ್ಟು ಹೊತ್ತಿಗೆ ಅದು ಇಡೀ ಬಸ್ಸಿನ ಕೂಸಾಗಿರುತ್ತದೆ.

ವಿಮಾನದ ಕತೆಯೇ ಬೇರೆ. ಅಲ್ಲಿ ಅಳುವ ಮಗು ಟಿಕೆಟ್ ತೆಗೆಸಿದವರದ್ದು.

ನಮ್ಮ ಕಡೆಯವರಿಗೆ ವಿಮಾನ ಹತ್ತುವುದೆಂದರೆ ಮೊದಲು ರಾಜ್ಯ ದಾಟುವುದು. ಅಂಕೋಲೆಯ ಅಲಗೇರಿಯಲ್ಲಿ ನಿಲ್ದಾಣವಾಗುತ್ತದೆ ಎಂದು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇವೆ. ಹಾಗೆ ಕೇಳುತ್ತಲೇ ಕಾಳಿ ಸೇತುವೆ ದಾಟಿ, ಮಾಜಾಳಿ, ಪೋಳೆಂ, ಕಾಣಕೋಣ ಎಂದು ಗೋವೆಯ ದಾಬೋಲಿಗೆ ಹೋಗುತ್ತೇವೆ. ಕಾರವಾರದಿಂದ ಸುಮಾರು ನೂರು ಕಿಲೋಮೀಟರು, ನಡುವೆ ಕರ್ಮಲ ಘಟ್ಟ. ನಾವು ಮೊಮ್ಮಗನೊಡನೆ ಹೊರಟ ದಿನ ಘಟ್ಟದ ತಿರುವುಗಳಲ್ಲಿ ಕೂಸು ಬೆಳಗಿನ ಗಂಜಿಯನ್ನು ನನ್ನ ಇಸ್ತ್ರಿ ಮಾಡಿದ ಅಂಗಿಗೆ ಒಪ್ಪಿಸಿತು. ಬೆಂಗಳೂರಿನ ಮದುವೆಗೆಂದು ಹೊಲಿಸಿದ್ದ ಅಂಗಿ.

ಎರಡು ವರ್ಷ ತುಂಬುವ ತನಕ ಕೂಸುಗಳಿಗೆ ವಿಮಾನದಲ್ಲಿ ಸ್ವಂತ ಆಸನವಿಲ್ಲ. ತಾಯಿಯ ತೊಡೆಯೇ ಆಸನ, ಅವಳ ಸೀಟಿನ ಪಟ್ಟಿಗೆ ಸಿಕ್ಕಿಸುವ ಇನ್ನೊಂದು ಪುಟ್ಟ ಪಟ್ಟಿಯೇ ಕಾವಲು. ಎರಡು ತುಂಬಿದ ದಿನದಿಂದಲೇ ಪೂರ್ತಿ ಆಸನ, ಅದಕ್ಕೆ ತಕ್ಕ ದುಡ್ಡು. ಕಾನೂನು ಮಾಡಿದವರ ಪಾಲಿಗೆ ಅದು ಆಗ ಒಬ್ಬ ನಾಗರಿಕ. ಆ ನಾಗರಿಕನಿಗೆ ಮಾತ್ರ ಅಮ್ಮನ ತೊಡೆಯೂ ಬೇಕು, ಕಿಟಕಿಯೂ ಬೇಕು, ಪಟ್ಟಿ ಬೇಡವೇ ಬೇಡ. ವಿಮಾನದೊಳಗಿನ ಜಗಳಗಳಲ್ಲಿ ಬಹುಪಾಲು ಈ ಪಟ್ಟಿಯಿಂದಲೇ ಶುರುವಾಗುತ್ತವೆಂದು ನನ್ನ ಅಂದಾಜು. ನಮ್ಮದು ಹಾಗಲ್ಲ, ನಮ್ಮದಕ್ಕೆ ಸೈದ್ಧಾಂತಿಕ ಕಾರಣವಿತ್ತು.

ಕಾರವಾರದ ಟಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಈಗ ಒಂದು ವಿಮಾನವೂ ನಿಂತಿದೆ, ಟುಪೊಲೆವ್-142. ನೌಕಾಪಡೆಯಲ್ಲಿ 1988ರಿಂದ ದುಡಿದು, 2017ರಲ್ಲಿ ಅರಕ್ಕೋಣಂನಲ್ಲಿ ನಿವೃತ್ತಿಯಾಗಿ, ತುಂಡುತುಂಡಾಗಿ ಲಾರಿಗಳ ಮೇಲೆ ಮಲಗಿ ಬಂದು ನಮ್ಮೂರಲ್ಲಿ ಮತ್ತೆ ಜೋಡಣೆಯಾದ ಹಿರಿಯ ಜೀವ. ನನ್ನಂಥ ಪಿಂಚಣಿದಾರರಿಗೆ ಅದನ್ನು ಕಂಡರೆ ಒಂದು ಬಗೆಯ ಬಂಧುತ್ವ. ಅದಕ್ಕೆ ನಾಲ್ಕು ಎಂಜಿನ್, ಒಂದೊಂದಕ್ಕೂ ಒಂದಕ್ಕೊಂದು ವಿರುದ್ಧವಾಗಿ ತಿರುಗುವ ಎರಡೆರಡು ಪಂಖಾ, ಒಟ್ಟು ಎಂಟು. ಮೊಮ್ಮಗ ಅದರ ಕೆಳಗೆ ನಿಂತು ಅವನ್ನು ಬೆರಳು ಮಡಿಸಿ ಎಣಿಸುವುದನ್ನು ಕಲಿತ. ವಿಮಾನವೆಂದರೆ ಪಂಖಾ ಇರುವಂಥದ್ದು, ಅಲ್ಲಾಡದೆ ನಿಂತಿರುವಂಥದ್ದು, ಪಕ್ಕದಲ್ಲಿ ಭೇಲ್‌ಪುರಿ ಸಿಗುವಂಥದ್ದು ಎಂದು ಅವನ ತಲೆಯಲ್ಲಿ ಗಟ್ಟಿಯಾಯಿತು.

ದಾಬೋಲಿಯಲ್ಲಿ ಕಿಟಕಿಯ ಬದಿ ಕೂತ. ರೆಕ್ಕೆ ನೋಡಿದ. ರೆಕ್ಕೆಯ ಕೆಳಗಿನ ಡಬ್ಬ ನೋಡಿದ. ‘ಪಂಖಾ ಎಲ್ಲಿ?’ ಎಂದ.

ಒಳಗಿದೆ ಎಂದೆ. ಸುಳ್ಳಲ್ಲ, ಜೆಟ್ ಎಂಜಿನ್ನಿನ ಪಂಖಾ ಆ ಡಬ್ಬದೊಳಗೇ ಇರುತ್ತದೆ. ತೋರಿಸು ಎಂದ. ನಲವತ್ತು ವರ್ಷ ಪಾಠ ಹೇಳಿದ ಬಾಯಿ ಅಲ್ಲಿಗೆ ಕಟ್ಟಿತು. ಆಮೇಲಿನದು ಕ್ರಮವಾಗಿ ನಡೆಯಿತು. ಇದು ವಿಮಾನ ಅಲ್ಲ, ಇಳಿಯಬೇಕು, ಕಾರವಾರದ ವಿಮಾನಕ್ಕೇ ಹೋಗಬೇಕು, ಈಗಲೇ. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಪಟ್ಟಿಯ ಕೆಳಗಿನಿಂದ ನುಸುಳಿ, ಸಾಲುಗಳ ನಡುವಿನ ದಾರಿಯಲ್ಲಿ ಅಂಗಾತ ಮಲಗಿಬಿಟ್ಟ. ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. 1930ರಲ್ಲಿ ಉಪ್ಪು ಮಾಡಿ, ಕರ ಕೊಡುವುದಿಲ್ಲವೆಂದು ಕೂತು, ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡ ಅಂಕೋಲೆ ತಾಲ್ಲೂಕಿನ ರಕ್ತ ಅದು. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತದ್ದೂ ನಮ್ಮ ಜಿಲ್ಲೆಯಿಂದಲೇ. ಹಟಕ್ಕೆ ನಮ್ಮಲ್ಲಿ ಪರಂಪರೆಯಿದೆ.

ಪರಂಪರೆಯ ಮಾತನ್ನು ಆಗ ಬಾಯಿಬಿಟ್ಟು ಹೇಳಲಿಲ್ಲ. ಮಗಳ ಮುಖ ನೋಡುವ ಹಾಗಿರಲಿಲ್ಲ.

ನಾನು ಗಮನಿಸಿದ್ದು ಅವಳನ್ನು. ಮನೆಯಲ್ಲಾದರೆ ಅವನನ್ನು ಹಾಗೇ ಬಿಟ್ಟು ಒಗ್ಗರಣೆ ಹಾಕಲು ಹೋಗುತ್ತಿದ್ದಳು, ಅವನೂ ನೋಡುವವರಿಲ್ಲವೆಂದು ಎದ್ದು ಬರುತ್ತಿದ್ದ. ಇಲ್ಲಿ ಹಾಡಿದಳು, ಬಿಸ್ಕತ್ತು ತೆಗೆದಳು, ಮೊಬೈಲು ತೆಗೆದಳು, ‘ಛೀ, ಅಂಕಲ್ ನೋಡ್ತಾರೆ’ ಅಂದಳು. ಅಂಕಲ್ ನೋಡುತ್ತಿರಲಿಲ್ಲ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದರು. ಅವಳು ಮಾಡಿದ ಒಂದೊಂದೂ ಮಗುವಿಗಲ್ಲ, ಆ ಹೆಡ್‌ಫೋನಿಗೆ. ನೋಡಿ ಸ್ವಾಮಿ, ನಾವು ಪ್ರಯತ್ನ ಮಾಡುತ್ತಿದ್ದೇವೆ, ನಾವು ಅಂಥ ತಂದೆತಾಯಿಗಳಲ್ಲ ಎಂದು. ಬಸ್ಸಿನಲ್ಲಿ ಈ ಪ್ರದರ್ಶನ ಬೇಕಾಗುವುದಿಲ್ಲ, ಅಲ್ಲಿ ಪ್ರೇಕ್ಷಕರೇ ರಂಗಕ್ಕೆ ಏರುತ್ತಾರೆ.

ಈ ಪ್ರೇಕ್ಷಕರಿಗಾಗಿ ಕಂಪನಿಗಳು ಬಹಳ ತಲೆ ಕೆಡಿಸಿಕೊಂಡಿವೆ. ಏರ್‌ಏಷ್ಯಾ ಎಕ್ಸ್ 2013ರಲ್ಲೇ ಮಕ್ಕಳಿಲ್ಲದ ಸಾಲುಗಳನ್ನು ಬೇರೆ ಮಾಡಿತು, ಇಂಡಿಗೋ 2016ರಲ್ಲಿ ತನ್ನ ಕೆಲವು ಸಾಲುಗಳಲ್ಲಿ ಹನ್ನೆರಡು ವರ್ಷದೊಳಗಿನವರು ಬೇಡವೆಂದಿತು. ಜಪಾನ್ ಏರ್‌ಲೈನ್ಸಿನಲ್ಲಂತೂ ಆಸನ ಆರಿಸುವಾಗಲೇ ಕೂಸು ಎಲ್ಲಿ ಕೂರುತ್ತದೆಂದು ನಕ್ಷೆಯಲ್ಲಿ ಒಂದು ಪುಟ್ಟ ಮುಖ ಕಾಣುತ್ತದಂತೆ. ನನ್ನನ್ನು ಕೇಳಿದರೆ, ಅಳು ನಾಲ್ಕನೆಯ ಸಾಲಿಗೆ ಬಂದು ಬೋರ್ಡು ಓದಿ ಹಿಂದೆ ತಿರುಗುವ ಜಾತಿಯದಲ್ಲ.

ಗಗನಸಖಿಯೊಬ್ಬಳು ಬಂದು ಮಂಡಿಯೂರಿದಳು. ಇವನು ಇನ್ನೂ ಜೋರು ಮಾಡಿದ. ಅಳಿಯ ಮಾತ್ರ ಏನೂ ಮಾಡದೆ ಕೂತಿದ್ದ. ನನಗೆ ಸಿಟ್ಟೇ ಬಂತು. ಕೊನೆಗೆ ಹೇಳಿದ, ಈಗ ಯಾರೂ ಏನನ್ನೂ ಕೇಳಬೇಡಿ, ಕೇಳಿದಷ್ಟೂ ಉರಿಯುತ್ತದೆ ಎಂದು. ಎಲ್ಲೋ ಓದಿದ್ದನಂತೆ: ಅಮೆರಿಕದಲ್ಲಿ ಮೈಕೆಲ್ ಪೊಟೆಗಲ್ ಎಂಬ ವಿಜ್ಞಾನಿ ಮತ್ತವರ ಜೊತೆಗಾರರು ಮಕ್ಕಳ ಅಂಗಿಯೊಳಗೆ ಮೈಕು ಇಟ್ಟು ಇಂಥ ರಂಪಾಟಗಳನ್ನು ಧ್ವನಿಮುದ್ರಿಸಿದ್ದಾರೆ. ಕಿರುಚಾಟದ ಸಿಟ್ಟೂ ಬಿಕ್ಕುವ ದುಃಖವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಸಿಟ್ಟಿನ ಶಿಖರ ದಾಟಿದ ಮೇಲೆ ದುಃಖವೊಂದೇ ಉಳಿಯುತ್ತದೆ, ಆಗ ಕೂಸು ತಾನಾಗಿ ತಬ್ಬಿಕೊಳ್ಳಲು ಬರುತ್ತದೆ. ಮುಕ್ಕಾಲು ಪಾಲು ರಚ್ಚೆಗಳು ಐದು ನಿಮಿಷದೊಳಗೆ ಮುಗಿಯುತ್ತವೆ. ಆ ಐದು ನಿಮಿಷದಲ್ಲಿ ತಾಯಿಗೆ ಎಷ್ಟು ವಯಸ್ಸಾಗುತ್ತದೆಂದು ಯಾರಾದರೂ ಅಳೆದಿದ್ದಾರೆಯೇ ಎಂದು ಮಗಳು ಕೇಳಿದಳು.

ಹಾಗೇ ಆಯಿತು. ಬಿಕ್ಕುತ್ತ ಎದ್ದು ಬಂದ, ಪಟ್ಟಿ ಹಾಕಿಸಿಕೊಂಡ, ವಿಮಾನ ಏರಿತು. ನಾನು ಗೆದ್ದವನಂತೆ ‘ನಿಂತಿತಲ್ಲ, ಜಾಣ!’ ಎಂದು ಕೆನ್ನೆ ಹಿಂಡಲು ಕೈ ಚಾಚಿದೆ. ಅಳಿಯ ತಡೆದ. ‘ಮಾವ, ಡಿಕೇ ಹೀಟ್.’

ಸ್ಥಾವರ ಟ್ರಿಪ್ ಆದ ಕ್ಷಣಕ್ಕೆ ಅದು ತಣ್ಣಗಾಗುವುದಿಲ್ಲ. ಆ ಗಳಿಗೆಯಲ್ಲಿ ಪೂರ್ಣ ಶಕ್ತಿಯ ನೂರಕ್ಕೆ ಆರೇಳು ಪಾಲು ಶಾಖ ಇಂಧನದಿಂದ ಬರುತ್ತಲೇ ಇರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಅದಕ್ಕೇ ಸ್ಥಾವರ ನಿಂತ ಮೇಲೂ ತಂಪು ನೀರು ಓಡಿಸುತ್ತಲೇ ಇರಬೇಕು, ನಿಂತಿತೆಂದು ಪಂಪು ಆರಿಸಿದವನು ಕೆಟ್ಟ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಮಗಳು ಮಾತಿಲ್ಲದೆ ಅವನ ಬೆನ್ನು ಸವರುತ್ತ ಕೂತಳು. ಎರಡು ನಿಮಿಷಕ್ಕೊಮ್ಮೆ ಒಂದು ಬಿಕ್ಕು. ಅಣುವಿಜ್ಞಾನ ಮನೆಗೆ ಉಪಯೋಗವಾದದ್ದನ್ನು ಮೊದಲ ಸಲ ಕಂಡೆ. ಕರೆಂಟಂತೂ ನಮ್ಮಲ್ಲಿ ಮಳೆಗಾಲದಲ್ಲಿ ಇರುವುದು ಅಷ್ಟಕ್ಕಷ್ಟೇ.

ಬೆಂಗಳೂರು ಹತ್ತಿರ ಬಂದು ವಿಮಾನ ಇಳಿಯತೊಡಗಿದಾಗ ಮತ್ತೆ ಅಳು. ಇದು ಹಟದ್ದಲ್ಲ, ಕಿವಿಯದು. ಮೇಲೆ ಇರುವಾಗ ಕ್ಯಾಬಿನ್ನಿನೊಳಗಿನ ಒತ್ತಡ ಆರೇಳು ಸಾವಿರ ಅಡಿಯ ಬೆಟ್ಟದ ಮೇಲಿನಷ್ಟು ಇರುತ್ತದೆ, ಇಳಿಯುತ್ತ ಹೆಚ್ಚುತ್ತದೆ. ಕಿವಿಯಿಂದ ಗಂಟಲಿಗೆ ಬರುವ ನಾಳ ಮಕ್ಕಳಲ್ಲಿ ಕಿರಿದು, ಅಡ್ಡಡ್ಡ, ಬೇಗ ತೆರೆಯುವುದಿಲ್ಲ. ನುಂಗಿದರೆ ತೆರೆಯುತ್ತದೆ. ಅದಕ್ಕೆ ಮೊಲೆಯೋ ಬಾಟಲಿಯೋ ಚೀಪುವ ತಿಂಡಿಯೋ ಇಳಿಯುವ ಹೊತ್ತಿಗೆಂದೇ ಎತ್ತಿಟ್ಟುಕೊಳ್ಳಬೇಕು, ಏರುವಾಗಲೇ ಮುಗಿಸಬಾರದು. ಬೆಲ್ಲದ ತುಂಡು ನನ್ನ ಕಿಸೆಯಲ್ಲಿತ್ತು. ಅವನು ಚೀಪಿದ, ನುಂಗಿದ, ಸುಮ್ಮನಾದ. ಹೆಡ್‌ಫೋನಿನ ಅಂಕಲ್ ಕಿವಿಯಿಂದ ಅದನ್ನು ತೆಗೆದು ತಮ್ಮ ಕಿವಿ ಒತ್ತಿಕೊಳ್ಳುತ್ತಿದ್ದರು. ಅವರಿಗೂ ಒಂದು ತುಂಡು ಕೊಟ್ಟೆ. ತೆಗೆದುಕೊಂಡರು!

ವಾಪಸಿಗೆ ಹುಬ್ಬಳ್ಳಿಯ ಎಟಿಆರ್ ಹಿಡಿದೆವು. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಬಂದು ಘಟ್ಟ ಇಳಿದರೆ ಕೈಗಾ, ದಾರಿ ಸುಲಭ ಎಂಬುದು ಹೇಳಿಕೊಳ್ಳಲು. ಆ ವಿಮಾನಕ್ಕೆ ಪಂಖಾ ಇದೆ ಎಂಬುದು ನಿಜವಾದ ಕಾರಣ. ಬಸ್ಸಿನ ಹಾಗೆ ಹಿಂದಿನ ಬಾಗಿಲಿನಿಂದ ಹತ್ತುವುದು, ಕಿಟಕಿಯ ಹೊರಗೆ ಎದುರಿಗೇ ಆರು ಅಲಗಿನ ಕಪ್ಪು ಪಂಖಾ. ಮೊಮ್ಮಗನ ಮುಖ ನೋಡಬೇಕಿತ್ತು. ಬೆರಳು ಮಡಿಸಿ ಎಣಿಸಿದ, ಪಟ್ಟಿ ತಾನೇ ಎಳೆದುಕೊಂಡ. ಮಗಳು ಹಿಂದಕ್ಕೊರಗಿ ಕಣ್ಣು ಮುಚ್ಚಿದಳು.

ಎಂಜಿನ್ ಶುರುವಾಯಿತು. ಪಂಖಾ ಮೆಲ್ಲಗೆ ತಿರುಗಿತು, ಜೋರಾಯಿತು, ಇನ್ನೂ ಜೋರಾಗಿ ಕಣ್ಣಿಗೆ ಕಾಣದಾಯಿತು.

‘ಪಂಖಾ ಹೋಯ್ತು!’

ಮುಂದಿನ ನಾಲ್ಕು ಸಾಲು ಹಿಂತಿರುಗಿ ನೋಡಿದವು. ಅಳಿಯ ಕೈಗಡಿಯಾರ ನೋಡಿಕೊಂಡ, ಐದು ನಿಮಿಷದ ಲೆಕ್ಕಕ್ಕೆ. ಅಷ್ಟರಲ್ಲಿ ಆಚೆ ಬದಿಯಿಂದ ಇಳಕಲ್ ಸೀರೆಯ ಅಜ್ಜಿಯೊಬ್ಬಳು ಪಟ್ಟಿ ಬಿಗಿದುಕೊಂಡಲ್ಲಿಂದಲೇ ಇಡೀ ವಿಮಾನಕ್ಕೆ ಕೇಳುವಂತೆ ಕೂಗಿದಳು: ‘ಏ ತಂಗೀ, ಪಂಖಾ ಎಲ್ಲಿ ಇಟ್ಟೀರಿ? ಕೂಸು ಅಳಾಕತ್ತೈತಿ, ತಂದು ಹಚ್ಚರಿ!’ ಎಂದವಳೇ ಮುಂದಿನ ಆಸನದ ಬೆನ್ನಿಗೆ ಎರಡು ಬಾರಿಸಿದಳು. ಆ ಆಸನದಲ್ಲಿದ್ದವರು ಕೋಟು ಹಾಕಿದ ಮನುಷ್ಯ. ತಿರುಗಿ, ಒಂದು ಗಳಿಗೆ ಅಜ್ಜಿಯನ್ನೂ ಕೂಸನ್ನೂ ನೋಡಿ, ‘ನಾ ಒಯ್ದಿಲ್ಲರೀ’ ಅಂದರು.