ಅರಗಿನ ಹುಳಕ್ಕೆ ರಾಯಲ್ಟಿ ಎಲ್ಲಿ?

1930ರ ದಶಕದ ಲಂಡನ್ ಡಾನ್ಸ್ ಬ್ಯಾಂಡುಗಳ ಗ್ರಾಮಫೋನ್ ತಟ್ಟೆ ಹಾಕಿದರೆ ಹಾಡುಗಾರ ಬರೋದೇ ಅರ್ಧ ದಾರಿ ಸವೆದ ಮೇಲೆ. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಮೊದಲು ಸ್ಯಾಕ್ಸೊಫೋನು, ಪಿಟೀಲುಗಳ ದರ್ಬಾರು. ಆಮೇಲೆ ಆಲ್ ಬೌಲಿಯಂಥ ಗಾಯಕ ಮೈಕಿನ ಹತ್ತಿರ ಬಂದು, ಮೆಲುದನಿಯಲ್ಲಿ ಒಂದು ಸುತ್ತು ಹಾಡಿ ಮಾಯ! ಎಷ್ಟೋ ತಟ್ಟೆಗಳ ಚೀಟಿಯಲ್ಲಿ ‘ಗಾಯನ ಸಹಿತ’ ಅಂತಷ್ಟೇ ಇತ್ತು. ಹಾಡಿದವನ ಹೆಸರೇ ನಾಪತ್ತೆ.

ವಿಕ್ಟರ್ ಸಿಲ್ವೆಸ್ಟರ್ ಇನ್ನೂ ಖಡಕ್ಕು. 1922ರಲ್ಲಿ ಬಾಲ್‌ರೂಮ್ ನೃತ್ಯದ ವಿಶ್ವ ಚಾಂಪಿಯನ್ ಆಗಿದ್ದ ಈ ಪುಣ್ಯಾತ್ಮ, 1935ರಲ್ಲಿ ಸ್ವಂತ ವಾದ್ಯವೃಂದ ಕಟ್ಟಿ ಹಾಡುಗಾರನ ರಗಳೆಯನ್ನೇ ತೆಗೆದುಹಾಕಿದ. ‘ಸ್ಲೋ, ಸ್ಲೋ, ಕ್ವಿಕ್-ಕ್ವಿಕ್, ಸ್ಲೋ’ – ಲಯ ಕೂದಲೆಳೆಯಷ್ಟೂ ಅಲುಗುವಂತಿಲ್ಲ. ಕುಣಿತವೋ ಡ್ರಿಲ್ ಮೇಷ್ಟ್ರ ಕವಾಯತೋ ಅನ್ನಿಸಿದರೂ ಜನ ಅವನ ತಟ್ಟೆಗಳನ್ನು ಮುಗಿಬಿದ್ದು ಕೊಂಡರು. ಮನೆಯ ಜಮಖಾನ ಸುತ್ತಿಟ್ಟರೆ ಅದೇ ಬಾಲ್‌ರೂಮು! ಗಂಡ ಹೆಂಡತಿಯ ಕಾಲು ತುಳಿದರೆ ತಪ್ಪು ತಾಳದ ಮೇಲೆ ಹಾಕೋಕೂ ದಾರಿಯಿಲ್ಲ.

ಇನ್ನು, ಆ ತಟ್ಟೆಗಳನ್ನು ಮಾಡೋಕೆ ಬೇಕಾದ ಅರಗು ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದ ಕಾಡಿನಿಂದ. ಜಾಲಿ, ಮುತ್ತುಗದ ಮರದ ಮೇಲೆ ಕೂತ ಹುಳ ಅಂಟು ಸುರಿಸಿತು. ಲಂಡನ್ನಿನಲ್ಲಿ ದೊರೆಗಳು ವಾಲ್ಟ್ಜ್ ಕುಣಿದರು. ಹಾಡಿದವನ ಹೆಸರನ್ನೇ ಹಾಕದವರು ಹುಳದ ಹೆಸರು ಹಾಕುತ್ತಾರೆಯೇ?