ಚಾಸಿಯ ಹಪ್ಪಳ

ನಮ್ಮ ಭಾವಮೈದನ ಪಿಕಪ್ಪನ್ನು ಮುಂದಿನಿಂದ ನೋಡಿದವರು ಅದು ಹಳೇ ಗಾಡಿ ಅಂದರೆ ನಂಬೋದಿಲ್ಲ. ನೆತ್ತಿ ಮೇಲೆ ‘ಶ್ರೀ ಸಿದ್ಧರಾಮೇಶ್ವರ ಪ್ರಸನ್ನ’, ಅದರ ಕೆಳಗೆ ಎರಡು ಹುಲಿಗಳ ನಡುವೆ ಮಗಳ ಹೆಸರು, ಬಂಪರಿಗೆ ಕರೀ ದಾರ, ನಿಂಬೆಹಣ್ಣು, ಮೆಣಸಿನಕಾಯಿ. ಕೆಎ 44, ಅಂದರೆ ಖಾಸಾ ತಿಪಟೂರಿನ ನಂಬರ್ರು. ಆಯುಧಪೂಜೆ ದಿನ ಅದಕ್ಕೆ ನಡೆಯೋ ಉಪಚಾರ ನೋಡಿದರೆ, ಮದುವೇಲಿ ನಮ್ಮ ಮಾವನವರು ನನಗೆ ಮಾಡಿದ್ದು ಏನೇನೂ ಅಲ್ಲ. ಬಾಳೆಕಂದು, ಚೆಂಡುಹೂವು, ವಿಭೂತಿ ಪಟ್ಟೆ, ಚಕ್ರಕ್ಕೊಂದು ನಿಂಬೆಹಣ್ಣು, ದೃಷ್ಟಿಗೊಂದು ಬೂದುಗುಂಬಳ. ಎಲ್ಲವೂ ಮೇಲಕ್ಕೆ. ಬಗ್ಗಿ ಕೆಳಗೆ ನೋಡಿದವರು ಒಬ್ಬರೂ ಇಲ್ಲ.

ಮೊನ್ನೆ ಬಗ್ಗಲೇಬೇಕಾಯ್ತು. ಎಫ್‌.ಸಿ. (ಗಾಡಿ ಓಡೋಕೆ ಲಾಯಕ್ಕು ಅನ್ನೋ ಸರ್ಟಿಫಿಕೇಟು) ಹತ್ತಿರ ಬಂದಿತ್ತು. ಸರಕು ಗಾಡಿಗೆ ಎಂಟು ವರ್ಷ ತುಂಬೋ ತನಕ ಎರಡು ವರ್ಷಕ್ಕೊಂದು ಎಫ್‌.ಸಿ., ಆಮೇಲೆ ವರ್ಷ ವರ್ಷ. ಇವನದು ಒಂಬತ್ತಕ್ಕೆ ಬಿದ್ದಿದೆ. ಗೋಣಿಚೀಲ ಹಾಸಿಕೊಂಡು ಅವನು ಕೆಳಗೆ ನುಗ್ಗಿದ. ನಾನು ಟಾರ್ಚು ಹಿಡಿದು ಪಕ್ಕದಲ್ಲಿ ಮಂಡಿಯೂರಿದೆ. ನನ್ನ ಹೊಟ್ಟೆಯ ಸುತ್ತಳತೆಗೆ ಅದಕ್ಕಿಂತ ಹೆಚ್ಚಿನ ಸೇವೆ ಸಾಧ್ಯವಿಲ್ಲ. ಹಿಂದಿನ ಚಕ್ರದ ಹತ್ತಿರ ಚಾಸಿಗೆ ಸ್ಕ್ರೂಡ್ರೈವರ್ ತುದಿ ಇಟ್ಟು ಸ್ವಲ್ಪ ಮೀಟಿದ. ಅಂಗೈ ಅಗಲದ ಒಂದು ಪದರ ಕಳಚಿ ಎದೆ ಮೇಲೆ ಬಿತ್ತು. ಕೆಂಪಗೆ, ತೆಳ್ಳಗೆ, ಸುಟ್ಟ ಹಪ್ಪಳದ ಹಾಗೆ ಅಲ್ಲಲ್ಲಿ ಉಬ್ಬಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಪದರ.

“ಬರೀ ಧೂಳು ಭಾವ,” ಅಂದ.

ಧೂಳಂತೆ! ಧೂಳಿಗೆ ಯಾರಾದರೂ ಅಷ್ಟು ಹೊತ್ತು ಉಸಿರು ಹಿಡಿದು ಮಲಗಿರ್ತಾರಾ?

ಅದರ ಫೋಟೊ ತೆಗೆದು ಡೆಟ್ರಾಯಿಟ್ ಹತ್ತಿರ ಇರೋ ನಮ್ಮಣ್ಣನ ಮಗನಿಗೆ ವಾಟ್ಸಾಪ್ ಮಾಡಿದೆ. “ಚಿಕ್ಕಪ್ಪ, ಇದು ನಮ್ಮ ಬೀದಿ ಗಾಡಿ ಇದ್ದ ಹಾಗೇ ಇದೆ, ತಿಪಟೂರಲ್ಲೂ ಹಿಮ ಬೀಳೋಕೆ ಶುರುವಾಯ್ತಾ?” ಅಂತ ಕೇಳಿದ. ಅಲ್ಲಿ ಚಳಿಗಾಲಕ್ಕೆ ರಸ್ತೆ ಮೇಲೆ ಹಿಮ ಗಟ್ಟಿಯಾಗುತ್ತಲ್ಲ, ಅದು ಕರಗಲಿ ಅಂತ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಚಕ್ರದಿಂದ ಸಿಡಿದು ಚಾಸಿಯ ಸಂದುಗೊಂದಿಗೆಲ್ಲ ಹೊಕ್ಕು ಕೂರುತ್ತೆ. ಡೆಟ್ರಾಯಿಟ್ ಕಾರು ಮಾಡೋದಕ್ಕೆ ಹೆಸರಾದ ಊರು. ಅದೇ ಊರಿನ ಅಡಿಯಲ್ಲಿ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ. ರಸ್ತೆಗೆ ಚೆಲ್ಲೋ ಉಪ್ಪು ಅಲ್ಲಿಂದಲೂ ಬರುತ್ತೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗೋದು ಅಂದರೆ ಇದೇ ಇರಬೇಕು. ಚಾಸಿ ತುಕ್ಕಿನ ಮೊಕದ್ದಮೆಯೊಂದರಲ್ಲಿ ಟೊಯೊಟಾದವರು 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳ ಬಾಬ್ತು 340 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿಕೊಂಡರು. ಇದನ್ನು ಭಾವಮೈದನಿಗೆ ಹೇಳಬಾರದಿತ್ತು. “ನನಗೆಷ್ಟು ಬರಬಹುದು ಭಾವ?” ಅಂತ ಗಾಡಿ ಕೆಳಗಿಂದಲೇ ಕೇಳಿದ.

ನಮ್ಮಲ್ಲಿ ಉಪ್ಪು ರಸ್ತೆಗೆ ಬೀಳೋದಿಲ್ಲ, ತೆಂಗಿಗೆ ಬೀಳುತ್ತೆ. ಸಸಿ ನೆಡೋ ಗುಂಡಿಗೆ ಕಲ್ಲುಪ್ಪು ಹಾಕೋದು ಅಜ್ಜಂದಿರ ಕಾಲದ ರೂಢಿ. ಈಗ ಫಸಲು ಕೊಡೋ ಮರಕ್ಕೆ ವರ್ಷಕ್ಕೆ ಎರಡು ಕೆಜಿ ಪೊಟ್ಯಾಷ್ ಅಂತ ಶಿಫಾರಸು. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡು, ಅಡುಗೆ ಉಪ್ಪಿನ ದಾಯಾದಿ. ಎಕರೆಗೆ ಎಪ್ಪತ್ತು ಮರ ಹಿಡಿದರೆ 140 ಕೆಜಿ, ಹತ್ತಿರ ಹತ್ತಿರ ಮೂರು ಚೀಲ. ಇಡೀ ಊರಿನ ಚೀಲ ಹೊರೋದು ಇವನ ಪಿಕಪ್ಪೇ. ಹಮಾಲಿಗಳು ಕೊಕ್ಕೆ ಹಾಕಿ ಎಳೆದ ಕಡೆ ಚೀಲ ಹರಿದು, ಕೆಂಪು ಹರಳು ತೊಟ್ಟಿಯ ಸಂದಿನಿಂದ ಚಾಸಿ ಮೇಲೆ ಉದುರುತ್ತೆ. ಮಾಗಿಯಲ್ಲಿ ಗಾಡಿ ರಾತ್ರಿಯೆಲ್ಲ ಬಯಲಲ್ಲಿ ನಿಲ್ಲುತ್ತೆ. ಕಬ್ಬಿಣ ಬೇಗ ತಣ್ಣಗಾಗಿ ಅದರ ಮೇಲೆ ಇಬ್ಬನಿ ಕಟ್ಟುತ್ತೆ, ಹರಳು ಅದನ್ನು ಹೀರಿ ಕರಗುತ್ತೆ. ಆಮೇಲೆ ಡೆಟ್ರಾಯಿಟಿಗೂ ತಿಪಟೂರಿಗೂ ಏನು ವ್ಯತ್ಯಾಸ?

ಇದರ ಜೊತೆಗೆ ನಾರಿನ ಪುಡಿ. ಫ್ಯಾಕ್ಟರಿಗೆ ಕಾಯಿ ಸಿಪ್ಪೆ ಹೊಡೆದು, ವಾಪಸ್ ಬರುವಾಗ ಪುಡಿ ತುಂಬಿಕೊಂಡು ಬರ್ತಾನೆ. ಆ ಪುಡಿ ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತೆ ಅಂತಲೇ ಇಟ್ಟಿಗೆ ಮಾಡಿ ಹೊರದೇಶದ ನರ್ಸರಿಗಳಿಗೆ ಕಳಿಸೋದು. ನಮ್ಮ ಭಾವಮೈದ ಅದೇ ನರ್ಸರಿಯನ್ನು ಚಾಸಿಯೊಳಗೇ ಇಟ್ಟಿದ್ದಾನೆ. ನೀರು ಬಸಿದು ಹೋಗಲಿ ಅಂತ ಕಂಪನಿಯವರು ಬಿಟ್ಟ ತೂತುಗಳೆಲ್ಲ ಪುಡಿ, ಕೆಮ್ಮಣ್ಣು, ಗೊಬ್ಬರ ಮೆತ್ತಿ ಮುಚ್ಚಿದ್ದವು. ತಂತಿ ಹಾಕಿ ಒಂದನ್ನು ಬಿಡಿಸಿದೆವು. ಮಳೆ ಹೋಗಿ ತಿಂಗಳಾಗಿತ್ತು, ಒಳಗಿನ ಮುದ್ದೆ ಇನ್ನೂ ಹಸಿ. ಅದರಲ್ಲೊಂದು ಎರೆಹುಳು ಸಿಕ್ಕಿದ್ದರೂ ನನಗೇನೂ ಆಶ್ಚರ್ಯ ಆಗ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಕಬ್ಬಿಣದ್ದೂ ತಪ್ಪಿಲ್ಲ. ಚಿಕ್ಕನಾಯಕನಹಳ್ಳಿ ಕಡೆ ಗುಡ್ಡ ಕಡಿದು ಅದಿರು ಸಾಗಿಸಿದ ಕಾಲ ನೆನಪಿದೆಯಲ್ಲ, 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸೋ ತನಕ ಆ ರಸ್ತೆಗಳ ಮೇಲೆ ಓಡಾಡಿದವರ ಬಿಳೀ ಪಂಚೆಯೂ ಕೆಂಪೇ. ಆ ಅದಿರು ಅಂದರೆ ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಂಡಿರೋದು. ತುಕ್ಕೂ ಅದೇ ಜಾತಿ, ಜೊತೆಗೆ ಒಂದಿಷ್ಟು ನೀರು. ಕುಲುಮೆಯಲ್ಲಿ ಬೇಯಿಸಿ ಬಲವಂತವಾಗಿ ಆಮ್ಲಜನಕ ಬಿಡಿಸಿ, ತಗಡು ಮಾಡಿ, ಚಾಸಿ ಮಾಡಿ, ಕೊನೆಗೆ ತಂದು ಮತ್ತೆ ಅದೇ ಕೆಮ್ಮಣ್ಣಿನ ರಸ್ತೆ ಮೇಲೆ ಓಡಿಸಿದರೆ, ತವರಿನ ದಾರಿಯಲ್ಲಿ ಬಸ್ಸು ಹೋದಾಗ ಕಿಟಕಿಗೆ ಮುಖ ಒತ್ತೋ ಹೆಣ್ಣುಮಗಳ ಹಾಗೆ ಅದಕ್ಕೂ ಆಗೋಲ್ವೆ?

“ನಿಮ್ಮ ತುರುವೇಕೆರೆ ಗಂಗಾಧರೇಶ್ವರನ ಗುಡಿ ನಂದಿ ನೋಡಯ್ಯ,” ಅಂದೆ. “ಹೊಯ್ಸಳರ ಕಾಲದ್ದು. ಕರೀ ಕಲ್ಲು ಇವತ್ತಿಗೂ ಹೇಗೆ ಮಿಂಚುತ್ತೆ!”

“ಅದು ಪೊಟ್ಯಾಷ್ ಹೊರಲ್ಲವಲ್ಲ ಭಾವ.”

ಮಾತಿಗೇನೂ ಕಮ್ಮಿ ಇಲ್ಲ. ಮದ್ದಿನ ವಿಚಾರಕ್ಕೆ ಬಂದಾಗಲೂ ಅಷ್ಟೆ. ಅವನ ಮೊದಲನೇ ಯೋಜನೆ ಸುಟ್ಟ ಎಂಜಿನ್ ಆಯಿಲ್ ಹೊಡೆಸೋದು. ಊರಲ್ಲೆಲ್ಲ ಮಾಡೋದೇ ಅದು. ಆದರೆ ಅದು ತೊಟ್ಟಿಕ್ಕಿ ತೆಂಗಿನ ಬುಡಕ್ಕೇ ಇಳಿಯುತ್ತೆ, ರಬ್ಬರ್ ಬುಷ್ಷನ್ನು ಉಬ್ಬಿಸುತ್ತೆ, ಬ್ರೇಕಿಗೆ ತಾಗಿದರೆ ಸಿದ್ಧರಾಮೇಶ್ವರನೇ ಗತಿ. ಎರಡನೇ ಯೋಜನೆ ಕೇಳಿ: “ಕೊಬ್ಬರಿ ಎಣ್ಣೆ ಹಚ್ಚಿದರೆ?” ತಿಪಟೂರಿನವನಿಗೆ ತಲೆ ನೋವಾದರೂ, ಕುಡುಗೋಲು ಹಿಡಿಯದಿದ್ದರೂ, ಮಗುವಿಗೆ ನೆಗಡಿಯಾದರೂ ಹೊಳೆಯೋದು ಅದೊಂದೇ. ಮಾಗಿ ಚಳಿಗೆ ಅದು ಚಾಸಿ ಮೇಲೆ ಮೇಣದ ಹಾಗೆ ಗಟ್ಟಿಯಾಗಿ ನಿಲ್ಲುತ್ತೆ, ಅದು ಸರಿ. 25 ಡಿಗ್ರಿ ದಾಟಿತು ಅಂದರೆ ಸೋರಿ ಹೋಗುತ್ತೆ. ಅಷ್ಟರೊಳಗೆ ಇರುವೆ, ಇಲಿ, ಬೀದಿ ನಾಯಿ ಎಲ್ಲ ಸೇರಿ ನೆಕ್ಕಿ ಮುಗಿಸಿರ್ತವೆ. ಈಗಿನ ಕೊಬ್ಬರಿ ರೇಟಿಗೆ ಚಾಸಿಗೆ ಎಣ್ಣೆಸ್ನಾನ ಅಂದರೆ ಅವನ ಹೆಂಡತಿ ಅವನಿಗೇ ತುಕ್ಕು ಬಿಡಿಸ್ತಾಳೆ. ಅಮೆರಿಕದಲ್ಲಿ ಕುರಿ ಉಣ್ಣೆಯ ಜಿಡ್ಡು ಸೇರಿಸಿದ ಮದ್ದು ಬಳೀತಾರೆ ಅಂತ ಅಣ್ಣನ ಮಗ ಹೇಳಿದ. ಮಳೆಯಲ್ಲಿ ಕಂಬಳಿ ಗೊಪ್ಪೆ ಹೊದ್ದು ಕುರಿ ಕಾಯೋರಿಗೆ ಆ ಜಿಡ್ಡಿನ ಗುಣ ಹೊಸದಲ್ಲ. ಆದರೆ ಗಾಡಿಗೆ ಹಚ್ಚೋಕೆ ಹುಳಿಯಾರಿನ ಕುರಿ ಹಿಂಡು ಹಿಡಿದು ಹಿಂಡೋದಕ್ಕೆ ಆಗುತ್ಯೆ?

ಕೊನೆಗೆ ಮಾಡಿದ್ದು ತೀರಾ ಸಪ್ಪೆ ಕೆಲಸ. ಬೋರ್‌ವೆಲ್ ನೀರು ಸವುಳು ಅಂತ ಬಿಟ್ಟು, ಹಿಡಿದಿಟ್ಟ ಮಳೆ ನೀರಿನಲ್ಲಿ ಪೈಪು ಹಿಡಿದು ಕೆಳಗೆಲ್ಲ ತೊಳೆದೆವು. ತೂತು ಬಿಡಿಸಿದೆವು. ಎರಡು ದಿನ ಬಿಸಿಲಿಗೆ ಒಣಗಲು ಬಿಟ್ಟು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಅದರ ಮೇಲೆ ಕರೀ ಬಣ್ಣ. ಉಜ್ಜದೆ ಬಣ್ಣ ಹೊಡೆದರೆ ಸಗಣಿ ಮೇಲೆ ರಂಗೋಲಿ ಅಲ್ಲ, ಸಗಣಿಯನ್ನೇ ರಂಗೋಲಿ ಕೆಳಗೆ ಮುಚ್ಚಿಟ್ಟ ಹಾಗೆ. ತುಕ್ಕು ಒಳಗೊಳಗೇ ಮೇಯ್ತಾ ಹೋಗುತ್ತೆ. ಒಂದು ಕಡೆ ಅಡ್ಡಪಟ್ಟಿ ಪೂರ್ತಿ ಹೋಗಿತ್ತು, ಅದಕ್ಕೆ ವೆಲ್ಡಿಂಗ್ ಅಂಗಡಿಯೇ ಗತಿಯಾಯ್ತು. ತೊಟ್ಟಿಗೆ ದಪ್ಪ ಟಾರ್ಪಾಲು ಹಾಸಿದ ಮೇಲೇ ಪೊಟ್ಯಾಷ್ ಚೀಲ ಅಂತ ಕರಾರು ಮಾಡಿಸಿಕೊಂಡೆ. ಈ ನಾಲ್ಕು ದಿನವೂ ನನ್ನ ಬಾಯಿ ಸುಮ್ಮನಿರಲಿಲ್ಲ ಅನ್ನೋದು ಬೇರೆ ಮಾತು. ಹುಲಿ ಚಿತ್ರ ಬರೆಸೋಕೆ ದುಡ್ಡಿದೆ, ಬಗ್ಗಿ ನೋಡೋಕೆ ಬೆನ್ನಿಲ್ಲ ಅಂತ ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ.

ಎಫ್‌.ಸಿ. ಆಯ್ತು. ಸಾಯಂಕಾಲ ಕಾಫಿ ಲೋಟ ಕೆಳಗಿಟ್ಟು ಕೇಳಿದ: “ಭಾವ, ನಿಮ್ಮ ಸ್ಕೂಟರ್ ಕೆಳಗೆ ಯಾವತ್ತಾದರೂ ನೋಡಿದ್ದೀರಾ?”

ಇಪ್ಪತ್ತು ವರ್ಷದ ಗಾಡಿ, ಕಾಲಿಡೋ ಕಡೆ ಚೆಂದಾಗಿ ರಬ್ಬರ್ ಮ್ಯಾಟು ಹಾಕಿಸಿದ್ದೇನೆ, ನೋಡೋದೇನು? ಆದರೂ ಅವನು ಹೋದ ಮೇಲೆ ಮ್ಯಾಟು ಎತ್ತಿದೆ. ತಗಡಿನಲ್ಲಿ ಅಂಗೈ ಅಗಲದ ತೂತು. ಅದರೊಳಗಿಂದ ಅಂಗಳದ ರಂಗೋಲಿ ಕಾಣುತ್ತಿತ್ತು. ಒಂದು ತಿಂಗಳಿಂದ ಸ್ಕೂಟರ್ ಹತ್ತಿದಾಗಲೆಲ್ಲ ಪಾದಕ್ಕೆ ತಣ್ಣಗೆ ಗಾಳಿ ತಾಗುತ್ತಿತ್ತು. ಈ ಸಲ ಮಾಗಿ ಜೋರು ಅಂತ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದ್ದೆ.